ಅಟ್ಟವಿಲ್ಲದ ಮನೆ

೧೧-೩-೧೯೮೩, ಶುಕ್ರವಾರ. ಬಿಳಿಗೆರೆ.

ಮಾಲ್ಟಾದ ಮನೆ ಬೇಡವೆಂದು ಬರೆದ ಪತ್ರವನ್ನು ಸಂಜೆ ತಿಪಟೂರಿನ ಅಂಚೆ ಡಬ್ಬಿಗೆ ಹಾಕಿಬಿಟ್ಟೆ. ಆಗಿನಿಂದ ಮನಸ್ಸು ಸರಿಯಿಲ್ಲ. ಹಡಗು ರಿಪೇರಿ ಕೆಲಸದಲ್ಲಿದ್ದ ಮೂರು ವರ್ಷವೂ ಬಾಡಿಗೆಗಿದ್ದ ಮನೆ. ಮನೆಯೊಡತಿ ಮುದುಕಿ ಕಾರ್ಮೆಲಾ ಅದನ್ನು ಮಾರುತ್ತಿದ್ದಾಳಂತೆ. ಮೊದಲು ನಿನ್ನನ್ನೇ ಕೇಳುತ್ತಿದ್ದೇನೆ ಎಂದು ಫೋಟೋ ಇಟ್ಟು ಬರೆದಿದ್ದಳು. ಕೆಲಸಕ್ಕೂ ಮತ್ತೆ ಕರೆದಿದ್ದಾರೆ. ಹೆಂಡತಿ ಚೌಡಮ್ಮನನ್ನು ಒಂದು ಮಾತು ಕೇಳಲಿಲ್ಲ. ಏನು ಹೇಳುತ್ತಾಳೆಂದು ಗೊತ್ತಿತ್ತಲ್ಲ.

ಆ ಕಿಟಕಿ ತೆರೆದರೆ ತುಟಿಗೆ ಉಪ್ಪು ಹತ್ತುತ್ತಿತ್ತು. ಇಲ್ಲಿ ತೆಂಗಿನ ಗರಿ ಸದ್ದು ಮಾಡಿದರೆ ಈಗಲೂ ಅಲೆಯೆಂದು ಎಚ್ಚರಾಗುತ್ತೇನೆ.

ಊಟಕ್ಕೆ ಕೂತಾಗ, ಸುಮ್ಮನೆ ನೋಡಲಿ ಎಂದು ಫೋಟೋ ಕೊಟ್ಟೆ. ಚೌಡಮ್ಮ ಮುದ್ದೆ ಕಟ್ಟಿದ ಕೈ ಒರೆಸಿಕೊಂಡು ಬಲ್ಬಿನ ಬೆಳಕಿಗೆ ಹಿಡಿದಳು.

“ಅಟ್ಟ ಎಲ್ಲೈತ್ರೀ?”

“ಆ ಊರಲ್ಲಿ ಮನೆಗೆ ಅಟ್ಟ ಇರಲ್ಲ ಕಣೇ.”

“ಮತ್ತೆ ಕೊಬ್ರಿ ಕಾಯಿ ಎಲ್ಲಿ ಹಾಕ್ತಾರೆ? ವರ್ಷೊಪ್ಪತ್ತು ಒಣಗಬೇಕಲ್ಲ?”

ಅಲ್ಲಿ ತೆಂಗೇ ಇಲ್ಲ ಎಂದೆ. “ಅದೂ ಒಂದು ಊರಾ!” ಎಂದು ನಕ್ಕಳು. ಪತ್ರ ಹಾಕಿದ್ದೇ ಒಳ್ಳೆಯದಾಯಿತು ಅಂದುಕೊಂಡೆ.

ತಟ್ಟೆ ಎತ್ತುವಾಗ ಮತ್ತೆ ಫೋಟೋ ನೋಡಿದಳು. ಸಮುದ್ರವನ್ನೇ ಕಾಣದವಳು.

“ಈ ಕಿಟಕೀಲಿ ಕುಂತ್ರೆ ಸಮುದ್ರ ಕಾಣ್ತದಾ?”

“ಹ್ಞೂಂ.”

“ಹಂಗಾದ್ರೆ ಅಟ್ಟ ಇಲ್ದಿದ್ರೂ ಆಯ್ತದೆ ಬುಡಿ.”

ಡಬ್ಬಿ ತೆಗೆಯುವುದು ಬೆಳಿಗ್ಗೆ ಎಂಟಕ್ಕೆ. ಇಲ್ಲಿಂದ ಮೊದಲ ಬಸ್ಸು ಏಳಕ್ಕೆ. ಅದು ತಪ್ಪಿದರೆ ಸೈಕಲ್ಲು. ಅಂಚೆಯವನು ಬೈದರೂ ಬೈಯಲಿ, ಅವನು ಬರುವ ಹೊತ್ತಿಗೆ ನಾನು ಆ ಡಬ್ಬಿಯ ಮುಂದೆ ನಿಂತಿರಬೇಕು, ನನ್ನ ಪತ್ರ ವಾಪಸು ಕೇಳಬೇಕು.