ಸರ್ಕಾರಕ್ಕೇ ಬೀಗ

ಒಮಾಹಾ, ಜನವರಿ

ಅಕ್ಕಾ,

ಮಗಳು ಯರೇಲಿ ಚೆನ್ನಾಗಿದ್ದಾಳೆ. ನನ್ನ ಮಂಡಿ ಮಾತ್ರ ಈ ಚಳಿಗೆ ಮುನಿಸಿಕೊಂಡಿದೆ.

ಇಷ್ಟು ವರ್ಷ ಕಾದ ನನ್ನ ವಿಚಾರಣೆಗೆ ನಿನ್ನೆ ಅವಳನ್ನು ಕರೆದುಕೊಂಡು ಹೋದರೆ, ವಲಸೆ ಕೋರ್ಟಿನ ಬಾಗಿಲಿಗೆ ಬೀಗ! ಎದುರಿಗೊಬ್ಬ ಕಾವಲುಗಾರ.

"ವಾಷಿಂಗ್ಟನ್‌ನಲ್ಲಿ ಬಜೆಟ್ ಜಗಳ ಕಣಮ್ಮಾ, ಸರ್ಕಾರಕ್ಕೇ ಬೀಗ ಬಿದ್ದಿದೆ."

"ಮತ್ತೆ ನೀನ್ಯಾಕಪ್ಪಾ ನಿಂತಿದೀಯ?"

"ಸಂಬಳ ಇಲ್ದೆ ಬೀಗ ಕಾಯ್ತಿದೀನಿ."

ಬುತ್ತಿಯ ತಮಾಲೆ ಎರಡು ಕೊಟ್ಟು, ಮುಂದಿನ ತಾರೀಕು ಕೇಳಿದೆ.

"ಹೋದ್ಸಲ ಹಿಂಗಾದಾಗ ಎರಡು ವರ್ಷ ಮುಂದಕ್ಕೆ ಹೋಗಿತ್ತು," ಎಂದ, ತಿನ್ನುತ್ತಲೇ.

ಇಲ್ಲೇ ಹುಟ್ಟಿದ ಇವಳಿಗೆ ತೀರ್ಪಿನ ದಿನ ಇಪ್ಪತ್ತೊಂದು ತುಂಬಿರಬಾರದು; ಆಗ ಮಾತ್ರ ಇವಳ ಸಲುವಾಗಿ ನನ್ನನ್ನು ಈ ದೇಶದಲ್ಲಿ ಉಳಿಸಿಕೊಳ್ಳಲು ಕೇಳಬಹುದಂತೆ. ವಕೀಲರ ಮಾತು. ತುಂಬುವುದು ಬರುವ ತಿಂಗಳ ಕೊನೆಗೆ.

ವಾಪಸು ಬರುವಾಗ ಬಸ್ಸಿನಲ್ಲಿ, "ನಾನು ಇನ್ನೆರಡು ವರ್ಷ ತಡವಾಗಿ ಹುಟ್ಟಬೇಕಿತ್ತು ಅಮ್ಮಾ," ಎಂದಳು. "ಬಾಯ್ಮುಚ್ಚು," ಎಂದು ಗದರಿಬಿಟ್ಟೆ.

ಫೋನಿನಲ್ಲಿ ಹೇಳಿದರೆ ಅವಳ ಕಿವಿಗೆ ಬೀಳುತ್ತದೆ, ಅದಕ್ಕೇ ಈ ಕಾರ್ಡು. ಪ್ರತಿ ವರ್ಷ ಅವಳ ಹುಟ್ಟಿದ ದಿನ ನಸುಕಿನಲ್ಲೇ ಫೋನು ಮಾಡಿ, ಓಣಿಯವರನ್ನೆಲ್ಲ ಸೇರಿಸಿಕೊಂಡು ಹಾಡುತ್ತೀಯಲ್ಲ? ಈ ಸಲ ಹಾಡಬೇಡ ಅಕ್ಕಾ.

ಜಾಗ ಮುಗಿಯಿತು.

ಎಲೋಡಿಯ