ಸೀಲ್ ಒಡೆಯದ ಬಾಟಲಿ

ಮಾರ್ಚ್ 4, ಸಂಜೆ 6

ಇವತ್ತು ಗ್ಲಾಸು ಬದಲಿಸಲು ಮೂರು ಗಾಡಿ. ಎರಡು ಹಿಂದಿನ ಗ್ಲಾಸು, ಒಂದು ಮುಂದಿನದು. ಮುಂದಿನದು ಟೀಚರಮ್ಮನ ಬಿಳಿ ಕಾರು. ತಾಯಿಯನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದೊಯ್ಯುವುದು ಅದರಲ್ಲೇ.

ಗ್ಲಾಸು ಕೂರಿಸಿ, ಟೇಪ್ ಹಾಕಿ, ಕೈ ಒರೆಸಿಕೊಳ್ಳುವಾಗ ಕಣ್ಣಿಗೆ ಬಿತ್ತು — ಪ್ರೈಮರ್ ಬಾಟಲಿಯ ಸೀಲ್ ಒಡೆದೇ ಇಲ್ಲ. ಗ್ಲಾಸಿನ ಅಂಚಿಗೆ ಮೊದಲು ಅದು, ಆಮೇಲೆ ಗಮ್. ಅದಿಲ್ಲದಿದ್ದರೆ ಗಮ್ ಹಿಡಿದ ಹಾಗೆ ಕಾಣುತ್ತದೆ, ಹಿಡಿದಿರುವುದಿಲ್ಲ. ಹಳೆಯದು ಮುಗಿದಿದ್ದಕ್ಕೆ ಹೊಸ ಬಾಟಲಿ ತಂದು ಪಕ್ಕಕ್ಕಿಟ್ಟುಕೊಂಡು ಅಂಗಡಿ ಓನರ್ ಜೊತೆ ಹರಟೆ ಹೊಡೆದಿದ್ದೇನೆ. ಅಷ್ಟೇ.

ಹೇಳಬಹುದಿತ್ತು. ಅಷ್ಟರಲ್ಲಿ ಓನರ್ ಟೀಚರಮ್ಮನ ಮುಂದೆ ಶುರು ಹಚ್ಚಿಕೊಂಡಿದ್ದ. "ಇಪ್ಪತ್ತೆರಡು ವರ್ಷ ಮೇಡಂ, ಇವನು ಕೈ ಇಟ್ಟ ಒಂದು ಗಾಡೀನೂ ವಾಪಸ್ ಬಂದಿಲ್ಲ."

ಉಬ್ಬಿಹೋದೆ. ಬಾಟಲಿಯನ್ನು ಕಪಾಟಿಗೆ ತಳ್ಳಿ ಪಾಠ ಒಪ್ಪಿಸಿದೆ. "ಎರಡು ದಿನ ತೊಳೀಬೇಡಿ. ನಾಳೆವರೆಗೂ ಟೇಪ್ ಕೀಳಬೇಡಿ. ಕಿಟಕಿ ಒಂದು ಬೆರಳು ಇಳಿಸಿಡಿ. ಬಾಗಿಲು ಮೆತ್ತಗೆ ಹಾಕಿ, ಜೋರಾಗಿ ಹಾಕಿದ್ರೆ ಒಳಗಿನ ಗಾಳಿ ಗ್ಲಾಸನ್ನ ತಳ್ಳುತ್ತೆ."

ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡರು.

ಮಾರ್ಚ್ 5

ಟೀಚರಮ್ಮನ ಫೋನ್. "ಅಣ್ಣಾ, ಇಪ್ಪತ್ನಾಲ್ಕು ಗಂಟೆ ಆಯ್ತು. ಟೇಪ್ ತೆಗೀಲಾ? ಮೇಲಿಂದ ಕೆಳಗಾ, ಕೆಳಗಿಂದ ಮೇಲಾ?"

ಹೇಗಾದರೂ ತೆಗೆಯಿರಿ, ನಿಧಾನವಾಗಿ, ಅಂದೆ.

"ಗುಂಡಿ ಬಂದ್ರೆ ಇಳಿದು ತಳ್ಕೊಂಡು ಹೋಗೋಣ ಅನ್ಸುತ್ತೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮನೆಯಲ್ಲಿ ಇವಳು, "ಯಾಕ್ರೀ, ಹರಳೆಣ್ಣೆ ಕುಡಿದವರ ಹಾಗೆ ಮುಖ?" ಗ್ಯಾಸ್ಟ್ರಿಕ್ ಅಂದೆ. ಊಟ ಕಟ್, ಬಿಸಿನೀರು ಸಿಕ್ಕಿತು. ತಕ್ಕದ್ದೇ.

ಮಾರ್ಚ್ 7

ನಾಳೆ ಕರೆಸಬೇಕು.

ಮಾರ್ಚ್ 8

ನಾಳೆ ಖಂಡಿತ.

ಮಾರ್ಚ್ 15

ಒಂದು ವಾರ ಬರೆಯಲಿಲ್ಲ. ಬರೆಯಲು ಏನಿದೆ? ಹೇಡಿ ನಾನು. ಸೈರನ್ ಕೇಳಿದರೆ ರಸ್ತೆಗೆ ಓಡಿ ಬಿಳಿ ಕಾರಾ ಎಂದು ನೋಡುತ್ತೇನೆ. ಡಿಕ್ಕಿಯಾದರೆ ಏರ್‌ಬ್ಯಾಗ್ ಉಬ್ಬಿ ಆನಿಕೊಳ್ಳುವುದು ಆ ಗ್ಲಾಸಿಗೇ. ಗ್ಲಾಸೇ ಕಿತ್ತುಹೋದರೆ... ಮುಂದಿನ ಸೀಟಿನಲ್ಲಿ ಕೂರುವುದು ಆ ತಾಯಿ.

ಕೊನೆಗೂ ಫೋನ್ ಮಾಡಿದೆ. "ಫ್ರೀ ಚೆಕಪ್ ಮೇಡಂ, ನಾಳೆ ಬನ್ನಿ." ನಿಜ ಹೇಳಲು ಏನು ರೋಗ ಬಂದಿತ್ತು ಈ ಬಾಯಿಗೆ.

ಮಾರ್ಚ್ 16

ಮಧ್ಯಾಹ್ನ ಬಂದರು, ತಾಯಿ ಮಗಳು. ಗಮ್ ಕುಯ್ಯುವ ತಂತಿ ಬೇಕೇ ಆಗಲಿಲ್ಲ. ಒಳಗಿನಿಂದ ಅಂಗೈಯಲ್ಲಿ ಒತ್ತಿದೆ — ಮೂಲೆ ಎದ್ದಿತು. ಇನ್ನೊಮ್ಮೆ ಒತ್ತಿದೆ, ಅರ್ಧ ಗ್ಲಾಸು.

ಟೀಚರಮ್ಮ ಬಿಳಚಿಕೊಂಡರು. ತಾಯಿಯ ಕಡೆ ತಿರುಗಿ, "ಬಡ್ಕೊಂಡೆ ತಾನೇ ಅಮ್ಮಾ, ಬಾಗಿಲು ಮೆತ್ತಗೆ ಹಾಕು ಅಂತ? ಮಾರನೇ ದಿನಾನೇ ಆಸ್ಪತ್ರೆ ಮುಂದೆ ಧಡಾರ್ ಅಂತ ಹಾಕ್ದೆ. ಈಗ ನೋಡು!"

ಆ ತಾಯಿ ಸ್ಟೂಲಿನಿಂದ ಎದ್ದು ನನ್ನ ಹತ್ತಿರ ಬಂದರು. ತೋಳಿಗೆ ಬ್ಯಾಂಡೇಜು. "ತಪ್ಪಾಯ್ತಪ್ಪಾ. ಕೈ ಅಭ್ಯಾಸ. ನಿನ್ನ ಕೆಲಸ ಹಾಳು ಮಾಡ್ಬಿಟ್ಟೆ."

ನಾನು ಅಂದದ್ದು: "ಪರವಾಗಿಲ್ಲ ಬಿಡಿ ಅಮ್ಮಾ."

ಕ್ಷಮಿಸಿಬಿಟ್ಟೆ ಅವರನ್ನು! ನಾನು!

ಪ್ರೈಮರ್ ಹಚ್ಚಿ, ಒಣಗಿಸಿ, ಗಟ್ಟಿಯಾಗಿ ಕೂರಿಸಿ ಕಳಿಸಿದೆ. ಗ್ಲಾಸು ಇನ್ನು ಅಲುಗುವುದಿಲ್ಲ. ನಿದ್ದೆ ಮಾತ್ರ ಇಲ್ಲ.

ಮಾರ್ಚ್ 19, ಬೆಳಿಗ್ಗೆ

ಕೆಲಸಕ್ಕೆ ಬರುವಾಗ ಆಸ್ಪತ್ರೆ ಮುಂದೆ ಬಿಳಿ ಕಾರು. ಮಗಳು ಇಳಿದು, ಸುತ್ತಿ ಬಂದು, ಬಾಗಿಲು ತೆಗೆಯುವವರೆಗೂ ತಾಯಿ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಇಳಿದ ಮೇಲೂ ಬಾಗಿಲು ಮುಟ್ಟಲಿಲ್ಲ. ಬೈಸಿಕೊಂಡ ಮಗುವಿನ ಹಾಗೆ ಪಕ್ಕಕ್ಕೆ ಸರಿದು ನಿಂತರು.

ಸಂಜೆ 5

ಫೋನ್ ಮಾಡಿದೆ. ಎತ್ತಿದ್ದು ತಾಯಿ. ಒಳ್ಳೆಯದೇ ಆಯಿತು. ಎಲ್ಲ ಹೇಳಿದೆ — ಬಾಟಲಿ, ಸೀಲ್, ಫ್ರೀ ಚೆಕಪ್ ಎಂಬ ಸುಳ್ಳು. "ನಿಮ್ಮ ಬಾಗಿಲಿಂದ ಏನೂ ಆಗ್ಲಿಲ್ಲಮ್ಮಾ, ತಪ್ಪು ನಂದು."

 ಮೆಲ್ಲಗೆ ಕೇಳಿದರು. ಸಿಟ್ಟಿರಲಿಲ್ಲ ದನಿಯಲ್ಲಿ.

"ಮತ್ತೆ ಅವತ್ತು ನಾನು ತಪ್ಪಾಯ್ತು ಅಂದಾಗ, ಯಾವುದಕ್ಕಪ್ಪಾ ನೀನು ಪರವಾಗಿಲ್ಲ ಅಂದಿದ್ದು?"

"ನನ್ನ ತಪ್ಪನ್ನ ನಿಮ್ಮ ತಲೆಗೆ ಕಟ್ಟೋಕಮ್ಮಾ" ಅಂದೆ.