ಸೊಸೆಯ ತಟ್ಟೆಯ ಎದೆತುಂಡು

ಕೆಗೆನ್,
ಡಿಸೆಂಬರ್ ೧೪

ನನ್ನ ಮುದ್ದಿನ ದೌರೆನ್,

ಹೇಗಿದ್ದೀಯಪ್ಪಾ? ಆ ಕ್ಯಾಸ್ಪಿಯನ್ ಕಡಲ ಗಾಳಿಗೆ ಕಿವಿ ಮುಚ್ಚಿಕೊಂಡು ಓಡಾಡುತ್ತೀಯೋ ಇಲ್ಲವೋ? ಎಣ್ಣೆಬಾವಿಯ ಕೆಲಸದ ನಡುವೆ ಬಿಸಿ ಊಟ ಸಿಗುತ್ತದೆಯೇ? ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನಪ್ಪನ ಮಂಡಿನೋವು ಹಿಮ ಬಿದ್ದ ದಿನ ಜೋರು, ಬಿಸಿಲು ಬಂದ ದಿನ ಮಾಯ. ಮನೆಗೆ ಯಾವ ಮಗು ಬಂದರೂ ಈಗಲೂ ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ತಟ್ಟೆಯ ಮಾಂಸವನ್ನು ಕೈಯಾರೆ ಅದರ ಬಾಯಿಗಿಡುತ್ತಾರೆ. ನೀನು ಚಿಕ್ಕವನಿದ್ದಾಗ ಅವರ ಬೆರಳನ್ನೂ ಸೇರಿಸಿ ಕಚ್ಚುತ್ತಿದ್ದೆಯಲ್ಲ, ಆ ಗುರುತು ಇನ್ನೂ ಇದೆಯಂತೆ, ಬಂದವರಿಗೆಲ್ಲ ತೋರಿಸುತ್ತಾರೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಇರುವುದು ನಡುಮನೆಯಲ್ಲಿ, ನಡುಮನೆಯಲ್ಲಿ ಇರುವುದು ನಿನ್ನ ಸೋದರತ್ತೆ ಶಾಮ್ಶಿಯಾ. ಚಳಿಗಾಲದ ಮಾಂಸಕ್ಕೆ ಕುದುರೆ ಕಡಿಯುವ ದಿನಕ್ಕೆಂದು ಬಂದವರು ಇನ್ನೂ ಹೊರಟಿಲ್ಲ.

ಹೇಳಬೇಕಾದ್ದು ಓರ್ಲಾಳ ವಿಷಯ. ಐರ್ಲೆಂಡಿನಿಂದ ಹೆಂಡತಿಯನ್ನು ಕರೆತಂದು ನನ್ನ ಬಳಿ ಬಿಟ್ಟುಹೋಗುವಾಗ, ಕುದುರೆ ಸಾಕುವವರ ಮನೆಯ ಹುಡುಗಿ ಎಂದೆ. ನನಗೆ ಎಷ್ಟು ಖುಷಿಯಾಗಿತ್ತು! ಅವರು ಕುದುರೆ ತಿನ್ನುವುದಿಲ್ಲ ಎಂದು ತಿಳಿದದ್ದು ಆಮೇಲೆ. ಅವಳ ತಾತನ ಉಳುವ ಕುದುರೆ ಸತ್ತಾಗ ನೆರೆಯವರೆಲ್ಲ ಸೇರಿ ಗುಂಡಿ ತೋಡಿ ಹೂಳಿದರಂತೆ. ಅದನ್ನು ಕೇಳಿ ಶಾಮ್ಶಿಯಾ ಅತ್ತಿಗೆ, "ಅಯ್ಯಯ್ಯೋ, ಅಷ್ಟು ದೊಡ್ಡ ಕುದುರೇನ ಮಣ್ಣಿಗೆ ಹಾಕಿಬಿಟ್ರಾ? ಹುಳಕ್ಕೇನು ಗೊತ್ತು ಅದರ ರುಚಿ!" ಎಂದುಬಿಟ್ಟರು. ಓರ್ಲಾಳ ಮುಖ ಕೆಂಪಾಯಿತು. ನಿನ್ನಪ್ಪ ಚಹಾ ಬಟ್ಟಲು ಕೆಳಗಿಟ್ಟು, "ಅಕ್ಕಾ, ಅವರ ಮಣ್ಣಲ್ಲಿ ಆಲೂಗಡ್ಡೆ ಬೆಳೀತದೆ. ಕುದುರೆ ಜೊತೆಗೆ ನಿಂತು ದುಡೀತು, ಊಟ ಮಣ್ಣು ಕೊಡ್ತು. ನಮಗೆ ಮಣ್ಣು ಏನು ಕೊಡ್ತು, ಹೇಳು? ಹಿಮದಲ್ಲಿ ಗೊರಸಿಂದ ಕೆದಕಿ ಹುಲ್ಲು ತಿಂದು ಬದುಕಿದ್ದು ಕುದುರೆ. ಅದನ್ನ ತಿಂದು ಬದುಕಿದ್ದು ನಾವು. ಅವರಿಗದು ಜೊತೆಗಾರ, ನಮಗೆ ಅನ್ನದಾತ" ಎಂದರು. ಆಮೇಲೆ ಸೊಸೆಯನ್ನು ಹಿತ್ತಲಿಗೆ ಕರೆದೊಯ್ದು, ತಾವು ಸವಾರಿ ಮಾಡುತ್ತಿದ್ದ ಹಳೆಯ ಕಂದು ಕುದುರೆಯ ತಲೆಬುರುಡೆಯನ್ನು ತೋರಿಸಿದರು. ಯಾರ ಕಾಲೂ ತಾಗಿ ಅಗೌರವವಾಗಬಾರದೆಂದು ಮರದ ಮೇಲೆ ಏರಿಸಿದ್ದಾರಲ್ಲ, ಅದನ್ನು. ಆ ಹುಡುಗಿ ಚಳಿಯಲ್ಲಿ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಿದ್ದಳು.

ಆದರೂ ನನಗೆ ದಿಗಿಲು. ಮೊದಲ ಮಾಂಸದ ಊಟಕ್ಕೆ ಕೇರಿಯೆಲ್ಲ ಬರುತ್ತದೆ, ಎದೆಯ ತುಂಡು ಸೊಸೆಯ ತಟ್ಟೆಗೇ ಬೀಳಬೇಕು. ಮುಟ್ಟದೆ ಹಿಂದಕ್ಕೆ ಕಳಿಸಿದರೆ ಮನೆಯನ್ನೇ ಒಲ್ಲೆ ಎಂದಂತೆ. ಹಿಂದಿನ ಸಂಜೆ ನಿನ್ನ ಫೋನ್ ಬಂದ ಮೇಲೆ ಅವಳು ಲಾಯಕ್ಕೆ ಹೋಗಿ ಕೂತಳು. ನಾನು ಏನೂ ಕೇಳಲಿಲ್ಲ.

ಮರುದಿನ ಕೊಬ್ಬಿದ ಹೆಣ್ಣುಕುದುರೆಯನ್ನು ಕಡಿಯುವಾಗ ಅವಳು ಉಳಿದ ಕುದುರೆಗಳ ನಡುವೆ, ಅವುಗಳ ಕತ್ತು ಸವರುತ್ತ ನಿಂತಿದ್ದಳು. ಎಲ್ಲ ಮುಗಿದ ಮೇಲೆ ಕೈತೊಳೆದು ಬಂದು, ಬೇಯಿಸಿ ಮಾಂಸದ ಕೆಳಗೆ ಹಾಸುವ ಹಿಟ್ಟಿನ ಹಾಳೆ ಲಟ್ಟಿಸಿದಳು. ಎಷ್ಟು ತೆಳ್ಳಗೆ ಅಂತೀಯ! ಶಾಮ್ಶಿಯಾ ಅತ್ತಿಗೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು, ತಪ್ಪು ಸಿಗದೆ ಅವರ ಮೂಡೇ ಕೆಟ್ಟಿತು.

ಊಟಕ್ಕೆ ಕೂತೆವು. ಎದೆಯ ತುಂಡು ಅವಳ ತಟ್ಟೆಗೆ ಬಂತು. ಎಲ್ಲರ ಕಣ್ಣೂ ಅಲ್ಲೇ. "ಏನಮ್ಮಾ, ನಮ್ಮನೆ ಊಟ ಗಂಟಲಲ್ಲಿ ಇಳಿಯಲ್ವಾ?" ಎಂದರು ಅತ್ತಿಗೆ. ಓರ್ಲಾ ಚಾಕು ತೆಗೆದುಕೊಂಡು ಒಂದು ಚೂರು ಕೊಯ್ದಳು. ಅವಳು ಪಕ್ಕದ ಮನೆಯ ಪುಟ್ಟ ಹುಡುಗಿಯನ್ನು ಕೈಸನ್ನೆ ಮಾಡಿ ಕರೆದು, ಆ ಚೂರನ್ನು ತನ್ನ ಕೈಯಾರೆ ಅದರ ಬಾಯಿಗಿಟ್ಟಳು. ಥೇಟ್ ನಿನ್ನಪ್ಪನ ಹಾಗೇ! ಆಮೇಲೆ ಅದರ ಅಣ್ಣನಿಗೆ, ಆಮೇಲೆ ಇನ್ನೊಂದು ಮಗುವಿಗೆ. ಮಕ್ಕಳೆಲ್ಲ ಅವಳನ್ನು ಮುತ್ತಿಕೊಂಡವು. ಕೈತುತ್ತು ಕೊಟ್ಟವಳನ್ನು ತಟ್ಟೆ ತಳ್ಳಿದಳು ಎನ್ನಲು ಯಾರಿಗೆ ಬಾಯಿ ಬರುತ್ತದೆ? ನಾವಾರೂ ಹೇಳಿಕೊಟ್ಟಿರಲಿಲ್ಲ ಕಣೋ. ಮೂಲೆಯಲ್ಲಿ ಕೂತು ಅವಳೇ ನೋಡಿ ಕಲಿತದ್ದು. ಕೊನೆಯ ಚೂರು ಉಳಿದಾಗ ಶಾಮ್ಶಿಯಾ ಅತ್ತಿಗೆ ಮಕ್ಕಳನ್ನು ಮೊಣಕೈಯಿಂದ ಸರಿಸಿ ಮುಂದೆ ಬಂದರು. "ಸರೀರೋ ಆಚೆ! ಬಾಯಲ್ಲಿ ಒಂದೂ ಹಲ್ಲಿಲ್ಲ, ಈ ಮನೇಲಿ ಎಲ್ಲರಿಗಿಂತ ಎಳೇ ಕೂಸು ನಾನೇ. ನಂಗೂ ಹಾಕೇ ಹುಡುಗಿ" ಎಂದು ಬಾಯಿ ತೆರೆದು ಕೂತರು. ಮನೆಯೆಲ್ಲ ನಗು. ನಿನ್ನಪ್ಪ ಎರಡೂ ಅಂಗೈ ತೆರೆದು ಸೊಸೆಯನ್ನು ಹರಸಿದರು.

ಓರ್ಲಾ ತಾನು ಒಂದು ಚೂರೂ ತಿನ್ನದೆ ತಟ್ಟೆ ಖಾಲಿ ಮಾಡಿ, ತನ್ನ ತಾತನ ಮನೆಯನ್ನೂ ನಮ್ಮ ಮನೆಯನ್ನೂ ಒಟ್ಟಿಗೆ ಉಳಿಸಿಕೊಂಡಳು. ಆಮೇಲೆ ಬೇರೆ ಪಾತ್ರೆಯಲ್ಲಿ ಬೇಯಿಸಿದ ಹಿಟ್ಟಿನ ಹಾಳೆಗೆ ಬೆಣ್ಣೆ ಹಾಕಿ ನಾನೇ ಅವಳ ಮುಂದಿಟ್ಟೆ. ಹೊಟ್ಟೆತುಂಬ ಉಂಡಳು.

ದೇವರು ನಿನ್ನನ್ನು ಕಾಯಲಿ, ಕಂದ. ಅಪ್ಪನ ಆಶೀರ್ವಾದ, ಸೋದರತ್ತೆಯ ಬೈಗುಳ ಎರಡೂ ಇದರೊಂದಿಗಿವೆ.

ನಿನ್ನ ಅಮ್ಮ,
ಬಾತಿಮಾ

ಮರೆತಿದ್ದೆ: ಆ ಸಂಜೆ ನೀನು ಫೋನಿನಲ್ಲಿ ಏನು ಹೇಳಿದೆ ಎಂದು ಇವತ್ತು ಅವಳನ್ನು ಕೇಳಿದೆ. "ಅಮ್ಮನ ಮಾನಕ್ಕಾಗಿ ಒಂದೇ ಒಂದು ತುತ್ತು ನುಂಗಿಬಿಡು" ಅಂದೆಯಂತೆ. ನನ್ನ ಮಾನವನ್ನು ಅವಳ ಬಾಯಿಗೆ ತುರುಕು ಎಂದು ನಿನಗೆ ಯಾರು ಹೇಳಿದ್ದೋ? ನಿನ್ನ ಪಾಲಿನ ಕಜೀ ಮಾಡಿ, ಕುದುರೆಯ ಕರುಳಿಗೆ ಪಕ್ಕೆಲುಬಿನ ಮಾಂಸ ಒತ್ತಿ ತುಂಬಿ, ಉಗ್ರಾಣದಲ್ಲಿ ತೂಗುಹಾಕಿದ್ದೇನೆ. ಹಿಮ ಕರಗುವ ಮೊದಲು ಬಾ. ಹೊಸಿಲು ದಾಟಿದ ಕೂಡಲೇ ಅವಳಿಗೆ ತಪ್ಪಾಯಿತು ಅನ್ನು. ಆಮೇಲೆ ಅವಳ ಕೈಯಿಂದಲೇ ತಿನ್ನು. ಬೆರಳು ಕಚ್ಚಬೇಡ.